ಕೊನೆಯ ಸೆಕೆಂಡಿನವರೆಗೂ ನೋಡುವ ಅಕ್ಕ

ಬೆಳಗಿನ ಆರು ಗಂಟೆ ನಲವತ್ತು ನಿಮಿಷ. ಶಾಲೆಯ ಕಾವಲುಗಾರ ಗೇಟಿನ ಬೀಗ ತೆಗೆದು ಇನ್ನೂ ಆಕಳಿಸುತ್ತಿದ್ದಾನೆ. ಮೊದಲ ಮಹಡಿಯ ಗ್ರಂಥಾಲಯದಲ್ಲಿ ಆಗಲೇ ಒಂದು ಹೃದಯ ಲಬ್‌ಡಬ್ ಎನ್ನುತ್ತಿದೆ. ಹಳೆಯ ಕಂಪ್ಯೂಟರಿನ ಪರದೆಯ ಮೇಲೆ ಅದು ಉಬ್ಬುತ್ತದೆ, ಕುಗ್ಗುತ್ತದೆ, ಕೆಂಪು ನೀಲಿ ಕೊಳವೆಗಳಿಗೆ ರಕ್ತ ನೂಕುತ್ತದೆ. ಪರದೆಗೆ ಒಂದು ಮೊಳ ದೂರದಲ್ಲಿ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕೂತಿರುವ ಹೆಂಗಸು ಎರಡು ನಿಮಿಷ ಹದಿನೇಳನೆಯ ಸೆಕೆಂಡಿಗೆ ಸರಿಯಾಗಿ ಹೃದಯವನ್ನು ನಿಲ್ಲಿಸುತ್ತಾರೆ.

"ಇಲ್ನೋಡಿ, ನೀಲಿ," ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ಕೂತಿರುವ ನನ್ನತ್ತ ತಿರುಗದೆಯೇ. "ಗುರುತಿಗೆ ಅಂತ ನೀಲಿ ಬಣ್ಣ ಹಾಕಿದ್ದಾರೆ. ಆದ್ರೆ ಹಾಗಂತ ಎಲ್ಲೂ ಹೇಳಿಲ್ಲ. ಮಕ್ಕಳು ಏನಂದ್ಕೋತಾರೆ? ಮೈಯೊಳಗೆ ಅರ್ಧ ರಕ್ತ ನೀಲಿ ಇದೆ ಅಂದ್ಕೋತಾರೆ. ಆಮೇಲೆ ಪರೀಕ್ಷೆಯಲ್ಲಿ ಅದನ್ನೇ ಬರೀತಾರೆ, ಮೇಷ್ಟ್ರು ತಲೆ ಚಚ್ಕೋತಾರೆ."

ಇದು ಈ ಬೆಳಿಗ್ಗೆ ಅವರು ನೋಡುತ್ತಿರುವ ನಾಲ್ಕನೆಯ ಹೃದಯ. ಮೊದಲನೆಯದರಲ್ಲಿ ಮಾತಿಗಿಂತ ಸಂಗೀತದ ಅಬ್ಬರವೇ ಹೆಚ್ಚು. ಎರಡನೆಯದರಲ್ಲಿ ವಿವರಿಸುವವನು "ರೈಲು ತಪ್ಪಿಹೋಗುತ್ತೆ ಅನ್ನೋ ಹಾಗೆ" ಓಡುತ್ತಾನೆ. ಮೂರನೆಯದು ಚೆನ್ನಾಗಿಯೇ ಇತ್ತು, ಐದನೆಯ ನಿಮಿಷದಲ್ಲಿ ಮೆಲ್ಲಗೆ ಒಂದು ಟಾನಿಕ್ ಬಾಟಲಿ ಹೊರಬಂತು. ನಾಲ್ಕನೆಯದು ಪಾಸಾಗುವ ಹಾಗೆ ಕಾಣುತ್ತಿದೆ. ಅವರು ಕೀಲಿಮಣೆಯ ಮೇಲೆ ಎರಡೇ ಬೆರಳಲ್ಲಿ, ಆದರೆ ಸಾಕಷ್ಟು ಚುರುಕಾಗಿ, ಟೈಪ್ ಮಾಡುತ್ತಾರೆ: 'ಶುರುವಿನಿಂದ 3:05ರ ತನಕ ಸಾಕು. ನೀಲಿ ಬಣ್ಣ ಗುರುತಿಗೆ ಮಾತ್ರ, ರಕ್ತ ಯಾವತ್ತೂ ಕೆಂಪೇ ಎಂದು ಮೊದಲೇ ಹೇಳಿಬಿಡಿ.'

ಅಷ್ಟು ಬರೆದ ಮೇಲೂ ವಿಡಿಯೋ ನಿಲ್ಲಿಸುವುದಿಲ್ಲ. ಮಕ್ಕಳಿಗೆ ಬೇಕಿರುವುದು ಮೂರು ನಿಮಿಷ, ಇರುವುದು ಒಂಬತ್ತು ನಿಮಿಷ. ಉಳಿದ ಆರನ್ನೂ ಕದಲದೆ ನೋಡುತ್ತಾರೆ. ಮಾಡಿದವರ ಹೆಸರುಗಳು ಸಾಲಾಗಿ ಮೇಲೇರಿ, ಪರದೆ ಕಪ್ಪಾಗಿ, ಇನ್ನೇನೂ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಬೆನ್ನು ನೇರ ಮಾಡಿ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಳ್ಳುತ್ತಾರೆ.

ಶಾಲೆಯ ಹಾಜರಿ ಪುಸ್ತಕದ ಪ್ರಕಾರ ಅವರು ಗ್ರಂಥಾಲಯ ಸಹಾಯಕಿ. ವಯಸ್ಸು ಐವತ್ತನಾಲ್ಕು, ಸೇವೆ ಹತ್ತೊಂಬತ್ತು ವರ್ಷ. ಆದರೆ ಐದನೆಯ ತರಗತಿಯಿಂದ ಹತ್ತರವರೆಗೆ ಯಾವ ಮಗುವನ್ನು ಕೇಳಿದರೂ ಅವರ ಹೆಸರು ಒಂದೇ: ಜರಡಿ ಅಕ್ಕ. ಬೆಳಿಗ್ಗೆ ಅಷ್ಟು ಬೇಗ ಬಂದು ಏನು ಮಾಡುತ್ತೀರಿ ಎಂದು ಯಾವಳೋ ಹುಡುಗಿ ಕೇಳಿದಾಗ, "ಹಿಟ್ಟು ಜರಡಿ ಹಿಡಿಯಲ್ವಾ, ಹಾಗೆ ವಿಡಿಯೋ ಜರಡಿ ಹಿಡೀತೀನಿ" ಎಂದಿದ್ದರಂತೆ. ಮಧ್ಯಾಹ್ನದ ಹೊತ್ತಿಗೆ ಹೆಸರು ಇಡೀ ಶಾಲೆ ಸುತ್ತಿ ಬಂದಿತ್ತು. ಈಗ ಶಿಕ್ಷಕರೂ ಹಾಗೆಯೇ ಕರೆಯುತ್ತಾರೆ. ಒಮ್ಮೆ ಕೊರಿಯರ್‌ನವನು ಕೂಡ 'ಜರಡಿ ಅಕ್ಕ, ಗ್ರಂಥಾಲಯ' ಎಂದು ಬರೆದಿದ್ದ ಪೊಟ್ಟಣ ತಂದು ಕೊಟ್ಟು ಹೋಗಿದ್ದಾನೆ.

ಕೆಲಸ ಹೇಳುವುದಕ್ಕೆ ಸುಲಭ. ಯಾವ ತರಗತಿಗೆ ಮುಂದಿನ ವಾರ ಯಾವ ಪಾಠ ಎಂದು ಶಿಕ್ಷಕರು ಒಂದು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಆ ಪಾಠಕ್ಕೆ ಇಂಟರ್‌ನೆಟ್ಟಿನಲ್ಲಿ ಸಿಗುವ ವಿಡಿಯೋ, ಚಿತ್ರ, ಧ್ವನಿ, ನಕ್ಷೆ, ಲೇಖನ, ಆಟ ಎಲ್ಲವನ್ನೂ ಅಕ್ಕ ಹುಡುಕಿ, ನೋಡಿ, ಕೇಳಿ, ಕೊನೆಗೆ ಮೂರನ್ನು ಮಾತ್ರ ಉಳಿಸುತ್ತಾರೆ. ನೋಡುವುದಕ್ಕೆ ಒಂದು, ಓದುವುದಕ್ಕೋ ಕೇಳುವುದಕ್ಕೋ ಒಂದು, ಕೈಯಾರೆ ಮಾಡುವುದಕ್ಕೆ ಒಂದು. ಇಂಥವನ್ನೆಲ್ಲ ಒಂದೆಡೆ ಅಂಟಿಸಿಡಲು ಇಂಟರ್‌ನೆಟ್ಟಿನಲ್ಲೇ ಸಿಗುವ ಬೋರ್ಡಿನಂಥ ಒಂದು ಸಾಧನವಿದೆ. ಅಕ್ಕ ಅದನ್ನು 'ಕಪಾಟು' ಎನ್ನುತ್ತಾರೆ. ಪಾಠಕ್ಕೊಂದು ಕಪಾಟು. ಪ್ರತಿಯೊಂದು ವಸ್ತುವಿನ ಕೆಳಗೆ ಅವರ ಎರಡು ಸಾಲು: ಇದನ್ನು ಯಾಕೆ ಇಟ್ಟೆ, ಎಲ್ಲಿಂದ ಎಲ್ಲಿಯ ತನಕ ತೋರಿಸಬೇಕು. ಶಿಕ್ಷಕರು ತರಗತಿಯಲ್ಲಿ ಕಪಾಟು ತೆರೆದರೆ ಮುಗಿಯಿತು.

ಹದಿನೆಂಟು ತರಗತಿ ಕೋಣೆ, ಇಪ್ಪತ್ತಾರು ಶಿಕ್ಷಕರು. ದಿನಕ್ಕೆ ಹನ್ನೆರಡರಿಂದ ಹದಿನೈದು ವಿಡಿಯೋ ನೋಡಿದರೆ ಉಳಿಯುವುದು ಒಂದೋ ಎರಡೋ. ಉಳಿದದ್ದೆಲ್ಲ ಹೊರಗೆ. ಬೆಳಿಗ್ಗೆಯೇ ಯಾಕೆ ಎಂದರೆ, "ಏಳೂವರೆ ಆದ್ಮೇಲೆ ಆಫೀಸು, ಲ್ಯಾಬು ಎಲ್ಲ ಶುರುವಾಗುತ್ತೆ. ಆಗ ನೆಟ್ ಆಮೆ ಥರ. ಒಂದು ಹೃದಯ ಬಡ್ಕೊಳ್ಳೋಕೆ ಅರ್ಧ ಗಂಟೆ" ಎಂದು ನಗುತ್ತಾರೆ. ಎಂಟರ ನಂತರ ಅವರು ಎಲ್ಲ ಗ್ರಂಥಾಲಯ ಸಹಾಯಕಿಯರ ಹಾಗೆ ಪುಸ್ತಕ ಕೊಡುತ್ತಾರೆ, ವಾಪಸು ಪಡೆಯುತ್ತಾರೆ, ಹರಿದ ಹಾಳೆಗೆ ಅಂಟು ಹಚ್ಚುತ್ತಾರೆ, ಗಲಾಟೆ ಮಾಡುವವರಿಗೆ ಕಣ್ಣು ಬಿಡುತ್ತಾರೆ.

ಈ ವಿದ್ಯೆ ಅವರಿಗೆ ಕಂಪ್ಯೂಟರಿನಿಂದ ಬಂದದ್ದಲ್ಲ. ಅವರ ಅಪ್ಪನದು ಬಾಡಿಗೆಗೆ ವಿಡಿಯೋ ಕ್ಯಾಸೆಟ್ ಕೊಡುವ ಅಂಗಡಿ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಗಡಿಯಾರ ರಿಪೇರಿಯವನಿಗೂ ಚಪ್ಪಲಿ ಅಂಗಡಿಗೂ ನಡುವೆ, ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದಷ್ಟು ಕಿರಿದಾದ ಜಾಗ. ಹದಿನಾಲ್ಕನೆಯ ವಯಸ್ಸಿನಿಂದ ದಿನವೂ ಶಾಲೆ ಬಿಟ್ಟ ಮೇಲೆ ಅವರು ಅಲ್ಲಿ ಕೂರುತ್ತಿದ್ದರು. ಅಪ್ಪನದೊಂದು ಹಟ: ತಾನು ನೋಡದ ಕ್ಯಾಸೆಟ್ಟನ್ನು ಗಿರಾಕಿಗೆ ಕೊಡುವಂತಿಲ್ಲ. ಹೊಸತು ಬಂದ ದಿನ ಅಪ್ಪ ಮಗಳು ಕೂತು ಪೂರ್ತಿ ನೋಡಿ, ಒಂದು ರಟ್ಟಿನ ಚೂರಿನ ಮೇಲೆ ಬರೆದಿಡುತ್ತಿದ್ದರು. ಚಪ್ಪಲಿ ಅಂಗಡಿಯಿಂದ ತಂದ ಖಾಲಿ ಡಬ್ಬಗಳ ತುಂಬ ಅಂಥ ರಟ್ಟುಗಳು, ಕ್ಯಾಸೆಟ್ಟಿಗೊಂದು, ಗಿರಾಕಿಗೊಂದು.

"ಒಬ್ಬ ನರ್ಸಮ್ಮ ಬರೋರು. ಡ್ಯೂಟಿ ಮುಗಿಸ್ಕೊಂಡು, ಕಾಲೆಳ್ಕೊಂಡು. ಅವರಿಗೆ ನಗಿಸೋದು ಮಾತ್ರ ಬೇಕು, ಆಸ್ಪತ್ರೆ ಸೀನ್ ಒಂದೂ ಇರಬಾರದು. ಇನ್ನೊಬ್ಬರು ಹೆಂಡತಿ ಕಳ್ಕೊಂಡಿದ್ರು. ಅಪ್ಪ ಅವರ ರಟ್ಟಿನ ಮೇಲೆ 'ಮದುವೆ ಸೀನ್ ಬೇಡ' ಅಂತ ಬರೆದಿದ್ರು. ಆ ಮನುಷ್ಯ ಯಾವತ್ತೂ ಬಾಯಿ ಬಿಟ್ಟು ಹಾಗಂತ ಹೇಳಿರಲೇ ಇಲ್ಲ. ಅಪ್ಪನಿಗೇ ಗೊತ್ತಾಗಿತ್ತು. ಬಾಗಿಲಿಗೆ ಬಂದೋರ ಮುಖ ನೋಡಿ ಕ್ಯಾಸೆಟ್ ಕೊಡೋದು, ಅದೇ ನಮ್ಮ ವ್ಯಾಪಾರ."

ಕ್ಯಾಸೆಟ್ಟಿನ ಕಾಲ ಮುಗಿಯಿತು, ಅಂಗಡಿಯ ಶಟರ್ ಇಳಿಯಿತು. ಮದುವೆಯಾಗಿ ಬಂದ ಮನೆಯಲ್ಲಿ ಗಂಡನದು ಹೊಲಿಗೆ ಕೆಲಸ. ಇವರು ಐದು ವರ್ಷ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಬರೆದರು. ಮೂವತ್ತೈದಕ್ಕೆ ಈ ಶಾಲೆಯ ಗ್ರಂಥಾಲಯಕ್ಕೆ ಸೇರಿದಾಗ ಹೇಳಿದ್ದ ಕೆಲಸ ಎರಡೇ, ಧೂಳು ಹೊಡೆಯುವುದು ಮತ್ತು ಪುಸ್ತಕಗಳಿಗೆ ಹೊದಿಕೆ ಹಾಕುವುದು.

ಎಂಟು ವರ್ಷದ ಹಿಂದೆ ಎಲ್ಲ ತರಗತಿಗಳಿಗೂ ಪ್ರೊಜೆಕ್ಟರ್ ಬಂತು. ಮೊದಮೊದಲು ಅದರಿಂದಾದ ಪಾಡನ್ನು ವಿಜ್ಞಾನದ ಮೇಷ್ಟ್ರು ತಾವೇ ಹೇಳಿಕೊಳ್ಳುತ್ತಾರೆ. ಅವರಿಗೆ ಐವತ್ತೇಳು, ಶರ್ಟಿನ ಜೇಬಿನಲ್ಲಿ ಈಗಲೂ ಎರಡು ತುಂಡು ಸೀಮೆಸುಣ್ಣ. "ನಲವತ್ತು ನಿಮಿಷದ ಕ್ಲಾಸು. ಅದರಲ್ಲಿ ಹದಿನೈದು ನಿಮಿಷ ನಾನು ಹುಡುಕೋದನ್ನ ಮಕ್ಕಳು ನೋಡ್ತಿದ್ರು. ಜ್ವಾಲಾಮುಖಿ ಅಂತ ಹೊಡೆದ್ರೆ ಯಾರೋ ಅಡುಗೆ ಮಾಡ್ತಿರೋದು ಬರೋದು. ಮಕ್ಕಳಿಗೆ ಮಜಾ, ನನಗೆ ಮುಖಭಂಗ. ಪುಸ್ತಕ ಇದೆ, ಬೋರ್ಡಿದೆ, ಈ ಮೂರನೆಯದು ಯಾವ ಕರ್ಮಕ್ಕೆ ಅಂತ ನಾನೇ ಸ್ಟಾಫ್‌ರೂಮಲ್ಲಿ ಕೂಗಾಡಿದ್ದೆ."

ಆ ಕೂಗಾಟ ನಡೆಯುವಾಗ ಅಕ್ಕ ಸ್ಟಾಫ್‌ರೂಮಿನ ಮೂಲೆಯಲ್ಲಿ ದಿನಪತ್ರಿಕೆಗಳನ್ನು ಜೋಡಿಸುತ್ತಿದ್ದರು. ಮರುದಿನ ಮೇಷ್ಟ್ರ ಮೇಜಿನ ಮೇಲೆ ಒಂದು ಚೀಟಿ ಇತ್ತು. ಜ್ವಾಲಾಮುಖಿಯ ಒಂದು ವಿಡಿಯೋದ ವಿಳಾಸ, ಅದರ ಕೆಳಗೆ 'ಎರಡನೇ ನಿಮಿಷದಿಂದ ನೋಡಿ, ಮೊದಲು ಬರೀ ಪೀಠಿಕೆ.' ಮೇಷ್ಟ್ರು ಚೀಟಿ ಹಿಡಿದು ಗ್ರಂಥಾಲಯಕ್ಕೆ ಬಂದರು.

"ಇದನ್ನ ಯಾರು ಹುಡುಕಿದ್ದು?"

"ನಾನೇ ಸರ್. ತಪ್ಪಾಯ್ತಾ?"

"ತಪ್ಪೇನಿಲ್ಲಮ್ಮ. ಬುಧವಾರ ಕಾಂತದ ಪಾಠ ಇದೆ, ಅದಕ್ಕೂ ಒಂದು ನೋಡಿ."

ಹಾಗೆ ಶುರುವಾಯಿತು. ಕಂಪ್ಯೂಟರ್ ಟೀಚರು ಕಪಾಟಿನ ಸಾಧನವನ್ನು ತೋರಿಸಿಕೊಟ್ಟರು. ಕೀಲಿಮಣೆಯಲ್ಲಿ ಅಕ್ಷರ ಹುಡುಕಲು ಆರು ತಿಂಗಳು ಹಿಡಿಯಿತು. ಒಬ್ಬರಿಗೆ ಮಾಡಿಕೊಟ್ಟದ್ದು ನಾಲ್ವರಿಗಾಯಿತು, ನಾಲ್ವರಿಂದ ಹದಿನಾಲ್ವರಿಗೆ. ಕೆಲಸ ಹೆಚ್ಚಿತು, ಹೊತ್ತು ಅಷ್ಟೇ ಇತ್ತು. ಅಕ್ಕ ಅಡ್ಡದಾರಿ ಹಿಡಿದರು. ಮೊದಲ ನಾಲ್ಕು ನಿಮಿಷ ಚೆನ್ನಾಗಿದ್ದರೆ ಉಳಿದದ್ದೂ ಚೆನ್ನಾಗಿಯೇ ಇರುತ್ತದೆ ಎಂದುಕೊಂಡರು.

ಎರಡನೆಯ ವರ್ಷ, ಆರನೆಯ ತರಗತಿಗೆ ಘರ್ಷಣೆಯ ಪಾಠ. ಚಕ್ರ ಯಾಕೆ ಜಾರುತ್ತದೆ, ಬ್ರೇಕ್ ಹೇಗೆ ಹಿಡಿಯುತ್ತದೆ ಎಂದು ಬಲು ಚೆನ್ನಾಗಿ ತೋರಿಸುವ ಏಳು ನಿಮಿಷದ ವಿಡಿಯೋ. ಅಕ್ಕ ನಾಲ್ಕು ನಿಮಿಷ ನೋಡಿ ಕಪಾಟಿಗಿಟ್ಟರು. ಆರನೆಯ ನಿಮಿಷದಲ್ಲಿ ಒದ್ದೆ ರಸ್ತೆಯಲ್ಲಿ ಜಾರಿದ ವಾಹನಗಳ ನಿಜವಾದ ಅಪಘಾತದ ದೃಶ್ಯಗಳಿದ್ದವು. ತರಗತಿಯ ಎರಡನೆಯ ಬೆಂಚಿನಲ್ಲಿ ಎಂಟು ತಿಂಗಳ ಹಿಂದೆ ಹಾಗೆಯೇ ಅಪ್ಪನನ್ನು ಕಳೆದುಕೊಂಡ ಹುಡುಗಿಯೊಬ್ಬಳು ಕೂತಿದ್ದಳು.

ಅವಳು ಅಳಲಿಲ್ಲ, ಕಿರುಚಲಿಲ್ಲ. ಬೆಂಚಿನ ಮೇಲೆ ತಲೆಯಿಟ್ಟಳು, ಮತ್ತೆ ಎತ್ತಲಿಲ್ಲ. ತಾಯಿ ಬಂದು ಕರೆದೊಯ್ದರು. ಮುಂದಿನ ಒಂದು ವಾರ ಅವಳು ಶಾಲೆಯ ಕಡೆ ಬರಲಿಲ್ಲ.

ಇದನ್ನು ಹೇಳುವಾಗ ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. "ಅಪ್ಪ ಹೇಳ್ಕೊಟ್ಟಿದ್ದು ಒಂದೇ ಒಂದು ಮಾತು, ನೋಡದೆ ಕೊಡಬೇಡ ಅಂತ. ಅದನ್ನೇ ಮರೆತೆ. ರಾಜೀನಾಮೆ ಬರ್ಕೊಂಡು ಹೋದೆ."

ಮುಖ್ಯೋಪಾಧ್ಯಾಯಿನಿ ಕಾಗದ ಓದಿದರು, ಮಡಿಸಿದರು, ವಾಪಸು ಕೊಟ್ಟರು. "ಇದನ್ನ ಆಮೇಲೆ ನೋಡೋಣ. ಮೊದಲು ಆ ಮಗು ಮನೆಗೆ ಹೋಗಿ ಬನ್ನಿ," ಎಂದರು.

ಸಂಜೆ ಹೋದರು. ಎರಡು ಕೋಣೆಯ ಮನೆ. ಹುಡುಗಿಯ ತಾಯಿ ಬೇರೆಯವರ ಬಟ್ಟೆ ಇಸ್ತ್ರಿ ಮಾಡಿ ಸಂಸಾರ ನಡೆಸುವವರು. ಹಾಸಿಗೆಯ ಮೇಲೆ ಯಾರದೋ ಬಿಳಿ ಶರ್ಟುಗಳ ಎತ್ತರದ ಗುಡ್ಡೆ. ಅಕ್ಕ ನಿಂತೇ ಹೇಳಿದರು: "ಆ ವಿಡಿಯೋ ಆರಿಸಿದ್ದು ನಾನು. ಪೂರ್ತಿ ನೋಡಿರ್ಲಿಲ್ಲ. ನನ್ನಿಂದ ತಪ್ಪಾಯ್ತು. ನಾಳೆಯಿಂದ ಈ ಕೆಲಸ ಬಿಟ್ಬಿಡ್ತೀನಿ."

ತಾಯಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. "ನೀವು ಬಿಟ್ರೆ ಇನ್ಯಾರು ನೋಡ್ತಾರೆ?"

"ಯಾರಾದ್ರೂ ನೋಡ್ತಾರೆ."

"ಅವರು ಪೂರ್ತಿ ನೋಡ್ತಾರಾ?"

ತಾಯಿ ಉತ್ತರಕ್ಕೆ ಕಾಯಲಿಲ್ಲ. "ಹೆಂಗೂ ನಿಮಗೆ ಈಗ ಬುದ್ಧಿ ಬಂದಿದೆ. ಹೊಸಬರಿಗೆ ಬುದ್ಧಿ ಬರೋಕೆ ಇನ್ನೊಂದು ಮಗು ತಲೆಯಿಟ್ಟು ಮಲಗಬೇಕಾ? ನೀವೇ ನೋಡಿ. ಆದ್ರೆ ಪೂರ್ತಿ ನೋಡಿ," ಎಂದರು ಆಕೆ. ಕೂರಿ ಎಂದೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಮತ್ತೆ ಶರ್ಟು ಹರವಿಕೊಂಡರು. ಅಕ್ಕ ಮೆಟ್ಟಿಲು ಇಳಿಯುವಾಗ ಬಾಗಿಲ ಮರೆಯಲ್ಲಿದ್ದ ಹುಡುಗಿ ಹೊರಗೆ ಬಂದು ಕೇಳಿದಳು: "ಅಕ್ಕಾ, ಇನ್ಮೇಲೆ ಅಂಥದ್ದು ಬರುತ್ತೆ ಅಂದ್ರೆ ಮೊದಲೇ ಹೇಳ್ತೀರಾ? ನಾನು ಆಚೆ ಹೋಗಿ ನಿಂತ್ಕೋತೀನಿ."

ಮರುದಿನದಿಂದ ಪ್ರತಿ ವಸ್ತುವಿನ ಕೆಳಗೆ ಮೂರನೆಯ ಸಾಲೊಂದು ಸೇರಿತು: 'ಮೊದಲೇ ಹೇಳಬೇಕಾದದ್ದು.' ಬೆಂಕಿ ಇದೆ, ಜೋರು ಸದ್ದು ಇದೆ, ಆಸ್ಪತ್ರೆ ಇದೆ, ಹಾವಿದೆ. ಒಂದು ವಿಡಿಯೋ ಮುಗಿದ ಮೇಲೆ ತಂತಾನೇ ಇನ್ನೊಂದು ಶುರುವಾಗದಂತೆ ಹದಿನೆಂಟೂ ಕೋಣೆಗಳಲ್ಲಿ ಅವರೇ ಹೋಗಿ ವ್ಯವಸ್ಥೆ ಮಾಡಿದರು. ಬೆಳಗಿನ ಆರು ಗಂಟೆಯ ಪಾಳಿ ಶುರುವಾದದ್ದೂ ಆಗಲೇ. ಹುಡುಗಿ ವಾರದ ನಂತರ ಶಾಲೆಗೆ ಬಂದಳು, ಓದಿ ಪಾಸಾಗಿ ಹೋದಳು. ಅಕ್ಕ ಮಾತ್ರ ಆ ನಂತರ ಒಂದೇ ಒಂದು ವಿಡಿಯೋವನ್ನೂ ಅರ್ಧಕ್ಕೆ ಬಿಟ್ಟಿಲ್ಲ.

ಸಂಜೆಯ ಹೊತ್ತು ಅವರ ಮನೆಯಲ್ಲಿ ಇನ್ನೊಂದು ಪರೀಕ್ಷೆ ನಡೆಯುತ್ತದೆ. ಪರೀಕ್ಷಕಿ ಅತ್ತೆ. ಎಂಬತ್ತೊಂದು ವರ್ಷ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ನಾಲಿಗೆ ಮಾತ್ರ ಬಲು ಹರಿತ. ಮಗನ ಹೊಲಿಗೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂರುತ್ತಾರೆ. ಸೊಸೆ ಫೋನು ಹಿಡಿದು ತೋರಿಸುತ್ತಾರೆ. ನಾನು ಹೋದ ದಿನ ಉಬ್ಬರವಿಳಿತದ ಒಂದು ವಿಡಿಯೋ ಓಡುತ್ತಿತ್ತು.

"ಏನರ್ಥ ಆಯ್ತು ಅತ್ತೆ?"

"ಚಂದ್ರ ನೀರನ್ನ ಎಳೀತಾನಂತೆ."

"ಮತ್ತೆ?"

"ಮತ್ತೇನು, ಆ ಹುಡುಗ ಕೈ ಬೀಸೋದು ನೋಡಿ ಮಿಕ್ಕಿದ್ದು ಮರೆತೇಹೋಯ್ತು. ನೊಣ ಓಡಿಸ್ತಾನೋ ಪಾಠ ಹೇಳ್ತಾನೋ."

ವಿಡಿಯೋ ಅಲ್ಲಿಗೆ ಫೇಲು. "ಅತ್ತೆಗೆ ಅರ್ಥ ಆದ್ರೆ ಐದನೇ ಕ್ಲಾಸಿಗೆ ಆಗುತ್ತೆ. ಅತ್ತೆ ಪ್ರಶ್ನೆ ಕೇಳಿದ್ರೆ ಏಳನೇ ಕ್ಲಾಸಿಗೂ ಆಗುತ್ತೆ. ತೂಕಡಿಸಿದ್ರೆ ಯಾರಿಗೂ ಬೇಡ," ಎಂದು ಅಕ್ಕ ನನಗೆ ಲೆಕ್ಕ ಒಪ್ಪಿಸುತ್ತಾರೆ. "ನನ್ನನ್ನ ಕೇಳದೆ ಇವಳು ಒಂದೂ ಇಡಲ್ಲ," ಎಂದು ಅತ್ತೆ ಪಕ್ಕದ ಮನೆಯವರ ಮುಂದೆ ಹೇಳಿಕೊಳ್ಳುತ್ತಾರಂತೆ. ಯಂತ್ರದ ಮೇಲೆ ಬಗ್ಗಿದ್ದ ಗಂಡ ಬಾಯಿಂದ ಸೂಜಿ ತೆಗೆದು, "ಈ ಮನೆಯಲ್ಲಿ ನಾನೊಂದು ಸಿನಿಮಾ ನೋಡಿ ನಾಲ್ಕು ವರ್ಷವಾಯ್ತು, ಬರೀ ಪಾಠ," ಎನ್ನುತ್ತಾರೆ. ದನಿಯಲ್ಲಿ ದೂರಿಲ್ಲ.

ಮೂರು ವರ್ಷದ ಹಿಂದೆ ಇನ್ನೊಂದು ಪೆಟ್ಟು ಬಿತ್ತು. ಕಪಾಟುಗಳೆಲ್ಲ ಇದ್ದ ಆ ಜಾಲತಾಣ ಮೂವತ್ತು ದಿನದಲ್ಲಿ ಮುಚ್ಚುತ್ತದೆ ಎಂಬ ನೋಟಿಸು. ಅಷ್ಟರಲ್ಲಿ ಅಕ್ಕ ಇಟ್ಟಿದ್ದ ವಸ್ತುಗಳು ಸಾವಿರದ ನೂರನ್ನು ದಾಟಿದ್ದವು. ಒಂದೊಂದನ್ನೂ ಹೊಸ ಜಾಗಕ್ಕೆ ಕೈಯಾರೆ ಸಾಗಿಸಬೇಕು. "ಅಪ್ಪನ ಅಂಗಡಿ ಎರಡನೇ ಸಲ ಮುಚ್ಚಿದ ಹಾಗಾಯ್ತು," ಎನ್ನುತ್ತಾರೆ. ಒಬ್ಬರೇ ಕೂತರು. ಐದು ದಿನಕ್ಕೆ ಅರವತ್ತು ಸಾಗಿದವು. ಲೆಕ್ಕ ಹಾಕಿ ನೋಡಿದರೆ ಮೂರು ತಿಂಗಳು ಬೇಕು.

ಆರನೆಯ ದಿನ ವಿಜ್ಞಾನದ ಮೇಷ್ಟ್ರು ಎಂಟನೆಯ ತರಗತಿಯ ಮಕ್ಕಳನ್ನು ಸಾಲಾಗಿ ಕಂಪ್ಯೂಟರ್ ಲ್ಯಾಬಿಗೆ ಕರೆತಂದರು. ಇಬ್ಬಿಬ್ಬರಿಗೆ ಒಂದೊಂದು ಕಪಾಟು. ಬರೀ ಎತ್ತಿಡುವುದಲ್ಲ, ಮೊದಲು ನೋಡಬೇಕು: ಇದು ಇನ್ನೂ ತೆರೆಯುತ್ತದೆಯೇ, ಇದಕ್ಕಿಂತ ಒಳ್ಳೆಯದು ಬಂದಿದೆಯೇ, ಬೇಡವಾದರೆ ಯಾಕೆ ಬೇಡ. ಮಕ್ಕಳು ದಯೆದಾಕ್ಷಿಣ್ಯ ತೋರಲಿಲ್ಲ. "ಅಕ್ಕಾ, ಇದರಲ್ಲಿ ಒಂದು ದೇಶದ ಹೆಸರೇ ಹಳೇದು." "ಅಕ್ಕಾ, ಇದು ತುಂಬಾ ಬೋರು." "ಅಕ್ಕಾ, ಇದನ್ನ ನೀವು ಎರಡು ಕಡೆ ಇಟ್ಟಿದ್ದೀರ." ಇಪ್ಪತ್ತಮೂರು ದಿನದಲ್ಲಿ ಕೆಲಸ ಮುಗಿದಾಗ ಉಳಿದದ್ದು ಆರುನೂರ ನಲವತ್ತು.

"ಮೊದಲು ಹೊಟ್ಟೆ ಉರೀತು," ಎಂದು ಅಕ್ಕ ಒಪ್ಪಿಕೊಳ್ಳುತ್ತಾರೆ. "ನಾನು ಕಣ್ಣು ಕೆಂಪು ಮಾಡ್ಕೊಂಡು ಆರಿಸಿದ್ದನ್ನ ಹದಿಮೂರು ವರ್ಷದ ಪೋರಿಯರು ತೆಗೆದು ಬಿಸಾಕ್ತಿದ್ರು. ಆಮೇಲೆ ಅವರು ಬರೆದಿದ್ದ ಕಾರಣ ಓದ್ದೆ. ಸರಿಯಾಗೇ ಬರೆದಿದ್ರು. ನನಗಿಂತ ಕಟ್ಟುನಿಟ್ಟು."

ಅದರ ಬೆನ್ನಿಗೇ ಶಾಲೆಯ ಪಾಠಗಳಲ್ಲಿ ಒಂದು ಬದಲಾವಣೆ ಬಂತು. ಈಗ ಎಂಟನೆಯ ತರಗತಿಯ ಮಕ್ಕಳು ವರ್ಷಕ್ಕೆ ಎರಡು ಕಪಾಟು ತಾವೇ ಕಟ್ಟಬೇಕು. ಮೂರು ವಸ್ತು ಆರಿಸಿ ಯಾಕೆ ಇಟ್ಟೆವು ಎಂದು ಬರೆಯುವುದರ ಜೊತೆಗೆ, ಬಿಟ್ಟ ಮೂರನ್ನು ಯಾಕೆ ಬಿಟ್ಟೆವು ಎಂದೂ ಬರೆಯಬೇಕು. ಅಂಥದೊಂದು ಅವಧಿಯಲ್ಲಿ ನಾನು ಗ್ರಂಥಾಲಯದ ಮೂಲೆಯಲ್ಲಿ ಕೂತಿದ್ದೇನೆ. ವಿಷಯ ಚಂದ್ರನ ಕಲೆಗಳು, ದಿನದಿಂದ ದಿನಕ್ಕೆ ಚಂದ್ರ ಬೆಳೆಯುವುದು, ಕರಗುವುದು. ಎರಡು ಜಡೆಯವಳಿಗೂ ಕನ್ನಡಕದವಳಿಗೂ ಜಟಾಪಟಿ.

"ಇದನ್ನ ಒಂದು ಕೋಟಿ ಜನ ನೋಡಿದ್ದಾರೆ ಕಣೇ!"

"ಕೋಟಿ ಜನ ನೋಡಿದ್ರೆ? ಇದರಲ್ಲಿ ಭೂಮಿಯ ನೆರಳು ಬಿದ್ದು ಚಂದ್ರ ಅರ್ಧ ಆಗ್ತಾನೆ ಅಂತ ಹೇಳ್ತಾನೆ. ಅದು ಗ್ರಹಣ. ದಿನಾ ಆಗೋದು ಹಾಗಲ್ಲ."

"ಹಾಗಾದ್ರೆ ನಿನ್ನದ್ಯಾವುದು, ಆ ಡಬ್ಬಾ ಫೋಟೋಗಳಾ?"

ಕನ್ನಡಕದವಳು ಆರಿಸಿದ್ದು ಯಾರೋ ಹವ್ಯಾಸಿಯೊಬ್ಬ ತನ್ನ ಮಹಡಿಯ ಮೇಲೆ ನಿಂತು ಒಂದು ತಿಂಗಳ ಕಾಲ ತೆಗೆದ ಚಂದ್ರನ ಚಿತ್ರಗಳನ್ನು. ನಡುವೆ ಎರಡು ಚೌಕ ಖಾಲಿ. 'ಮೋಡವಿತ್ತು' ಎಂದು ಬರೆದಿದ್ದಾನೆ. ಅಕ್ಕ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. ಗೋಡೆಯ ಮೇಲೆ ಅಂಟಿಸಿರುವ ಮೂರು ಪ್ರಶ್ನೆಗಳನ್ನು ಪೆನ್ನಿನಲ್ಲಿ ತೋರಿಸುತ್ತಾರೆ, ಅಷ್ಟೆ. ಯಾರು ಮಾಡಿದ್ದು? ಯಾವಾಗ ಮಾಡಿದ್ದು? ಇದರಿಂದ ಅವರಿಗೆ ಏನಾಗಬೇಕು? ಹತ್ತು ನಿಮಿಷದ ಗುಸುಗುಸುವಿನ ನಂತರ ಎರಡು ಜಡೆಯವಳು ಸೋಲೊಪ್ಪಿಕೊಳ್ಳುತ್ತಾಳೆ. "ಮೋಡವಿತ್ತು ಅಂತ ಹೇಳಿದ್ದಾನಲ್ಲಕ್ಕ, ಅದಕ್ಕೆ ನಂಬಬಹುದು. ಸುಳ್ಳು ಹೇಳೋನಾಗಿದ್ರೆ ಅಲ್ಲೂ ಒಂದು ಚಂದ್ರನ್ನ ಅಂಟಿಸ್ತಿದ್ದ."

ಈ ಮೂರು ಪ್ರಶ್ನೆಗಳು ಶಾಲೆಯ ಗೇಟು ದಾಟಿವೆ. "ನಮ್ಮಪ್ಪ ಫೋನಿಗೆ ಬಂದಿದ್ದನ್ನ ಜೋರಾಗಿ ಓದಿದ್ರೆ ನನ್ನ ತಂಗಿ, ಅವಳಿಗೆ ಆರು ವರ್ಷ, 'ಯಾರು ಮಾಡಿದ್ದು' ಅಂತ ಕೇಳ್ತಾಳೆ. ಅಪ್ಪ ಈಗ ಅವಳು ಮಲಗಿದ ಮೇಲೆ ಓದ್ತಾರೆ," ಎನ್ನುತ್ತಾಳೆ ಕನ್ನಡಕದವಳು.

ವಿಜ್ಞಾನದ ಮೇಷ್ಟ್ರು ಸೀಮೆಸುಣ್ಣ ಬಿಟ್ಟಿಲ್ಲ, ಬಿಡಬೇಕೆಂದು ಅಕ್ಕ ಹೇಳಿಯೂ ಇಲ್ಲ. "ನಾನು ಇಪ್ಪತ್ತೇಳು ವರ್ಷದಿಂದ ಹೃದಯದ ಪಾಠ ಮಾಡ್ತಿದ್ದೀನಿ," ಎನ್ನುತ್ತಾರೆ ಮೇಷ್ಟ್ರು. "ಪ್ರತಿ ವರ್ಷ ನಾಲ್ಕೈದು ಮಕ್ಕಳು ರಕ್ತ ನೀಲಿ ಅಂತ ಬರೀತಿದ್ರು. ದಡ್ಡರು ಅಂದ್ಕೋತಿದ್ದೆ. ಚಿತ್ರ ಹಾಗಿದೆ ಸರ್, ಅವರದೇನು ತಪ್ಪು ಅಂತ ಈಕೆ ಹೇಳಿದ ಮೇಲೆ ಗೊತ್ತಾಯ್ತು. ನೋಡುವವರ ಕಣ್ಣಲ್ಲಿ ನೋಡೋದು ನಮಗೆ ತರಬೇತಿಯಲ್ಲಿ ಯಾರೂ ಕಲಿಸಲಿಲ್ಲ."

ಕಳೆದ ವರ್ಷ ಶಿಕ್ಷಕರ ಸಮಾವೇಶವೊಂದರಲ್ಲಿ ಈ ಕಪಾಟುಗಳನ್ನು 'ಶಾಲೆಯ ಸಾಧನೆ' ಎಂದು ತೋರಿಸಲಾಯಿತು. ಅಕ್ಕನಿಗೆ ಆಹ್ವಾನವಿರಲಿಲ್ಲ, ಎಲ್ಲೂ ಹೆಸರಿರಲಿಲ್ಲ. ಬೇಜಾರಾಗಲಿಲ್ಲವೇ ಎಂದರೆ ಜೋರಾಗಿ ನಗುತ್ತಾರೆ. "ಸಿನಿಮಾ ತೆಗೆದೋರ ಹೆಸರೇ ಜನ ನೋಡಲ್ಲ, ಎದ್ದು ಹೋಗ್ತಾರೆ. ಕ್ಯಾಸೆಟ್ ಕೊಟ್ಟೋಳ ಹೆಸರು ಯಾಕೆ?" ಹೊಸ ಹುದ್ದೆಯ ಹೆಸರು ಕೊಡಿಸಲು ಮುಖ್ಯೋಪಾಧ್ಯಾಯಿನಿ ಎರಡು ಬಾರಿ ಮೇಲಿನವರಿಗೆ ಬರೆದಿದ್ದಾರೆ. ಹಾಗೊಂದು ಹುದ್ದೆಯೇ ಇಲ್ಲ ಎಂದು ಎರಡು ಬಾರಿಯೂ ಉತ್ತರ ಬಂದಿದೆ. "ನಿಜವೇ ತಾನೆ," ಎನ್ನುತ್ತಾರೆ ಅಕ್ಕ, ತಮಗೇನೂ ಸಂಬಂಧವಿಲ್ಲ ಎನ್ನುವ ಹಾಗೆ.

ಒಂದು ಆಸೆ ಮಾತ್ರ ಇದೆ. ತಾವು ಆರಿಸಿದ್ದನ್ನು ಮಕ್ಕಳು ನೋಡುವಾಗ ಅವರ ಮುಖ ಹೇಗಿರುತ್ತದೆ ಎಂದು ಎಂಟು ವರ್ಷದಲ್ಲಿ ಅವರು ಒಮ್ಮೆಯೂ ಕಂಡಿಲ್ಲ. ತರಗತಿಗಳು ನಡೆಯುವಾಗ ಗ್ರಂಥಾಲಯ ಬಿಟ್ಟು ಬರುವಂತಿಲ್ಲ. ಈ ಮಾತು ಮುಖ್ಯೋಪಾಧ್ಯಾಯಿನಿಯ ಕಿವಿಗೆ ಬಿದ್ದದ್ದು ನನ್ನಿಂದ. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಗದರಿದ ಆಕೆ ಗುರುವಾರ ಮೂರನೆಯ ಅವಧಿಗೆ ತಾವೇ ಬಂದು ಗ್ರಂಥಾಲಯದ ಕುರ್ಚಿಯಲ್ಲಿ ಕೂತುಬಿಟ್ಟಿದ್ದಾರೆ.

ಐದನೆಯ ತರಗತಿಯ ಹಿಂದಿನ ಬೆಂಚು. ಪುಟ್ಟ ಬೆಂಚಿನಲ್ಲಿ ಮಂಡಿ ಮಡಚಿ ಕೂತ ಅಕ್ಕ ಬಾಗಿಲ ಹತ್ತಿರ ನಿಂತ ನನಗೆ ಕಣ್ಣಲ್ಲೇ 'ಸುಮ್ಮನಿರಿ' ಎನ್ನುತ್ತಾರೆ. ಟೀಚರು ಕಿಟಕಿಯ ಪರದೆ ಎಳೆಯುತ್ತಾರೆ. ಐವತ್ತೆಂಟು ಸೆಕೆಂಡಿನ ವಿಡಿಯೋ, ಮಾತಿಲ್ಲ, ಸಂಗೀತವಿಲ್ಲ. ಗಾಜಿನ ಪಕ್ಕದ ಮಣ್ಣಿನಲ್ಲಿ ಒಂದು ಹುರುಳಿಕಾಳು ಉಬ್ಬುತ್ತದೆ, ಬಿರಿಯುತ್ತದೆ. ಬೆಳ್ಳಗಿನ ಬೇರೊಂದು ಹೊರಬಂದು ಕೆಳಕ್ಕೆ ಇಳಿಯುತ್ತದೆ. ಬಾಗಿದ ಮೊಳಕೆ ಮಣ್ಣನ್ನು ಬೆನ್ನಿನಲ್ಲಿ ನೂಕುತ್ತ ಮೇಲೇಳುತ್ತದೆ. ಅಕ್ಕ ಪರದೆಯ ಕಡೆ ನೋಡುತ್ತಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ, ಬೆಂಚಿನಿಂದ ಬೆಂಚಿಗೆ, ಮೂವತ್ತನಾಲ್ಕು ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಾರೆ. ಎಲೆ ಬಿಚ್ಚಿಕೊಂಡಾಗ ಮುಂದಿನ ಸಾಲಿನಲ್ಲಿ ಯಾರೋ "ಹಾ!" ಎನ್ನುತ್ತಾರೆ. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ.

ಕಪಾಟಿನ ಸೂಚನೆಯಂತೆ ಟೀಚರು ಕೂಡಲೇ ಮಾತು ಶುರು ಮಾಡುವುದಿಲ್ಲ. 'ಮುಗಿದ ಮೇಲೆ ಅರ್ಧ ನಿಮಿಷ ಸುಮ್ಮನಿರಿ' ಎಂದು ಅಕ್ಕ ಬರೆದಿದ್ದಾರೆ. ಫ್ಯಾನಿನ ಸದ್ದು ಕೇಳಿಸುತ್ತದೆ. ಆಮೇಲೆ ಮೂಲೆಯಿಂದ ಒಂದು ಸಣ್ಣ ದನಿ: "ಟೀಚರ್, ಮಣ್ಣೊಳಗೆ ಕತ್ತಲೆ ಅಲ್ವಾ? ಯಾವುದು ಮೇಲೆ ಯಾವುದು ಕೆಳಗೆ ಅಂತ ಅದಕ್ಕೆ ಹೆಂಗೆ ಗೊತ್ತಾಗುತ್ತೆ?"

ಟೀಚರು ಅಕ್ಕನ ಕಡೆ ನೋಡುತ್ತಾರೆ. ಅಕ್ಕ ತಲೆಯಲ್ಲಾಡಿಸುತ್ತಾರೆ. ಕಪಾಟಿನಲ್ಲಿ ಇದಕ್ಕೆ ಉತ್ತರವಿಲ್ಲ.

ಗಂಟೆ ಹೊಡೆದ ಮೇಲೆ ಮೆಟ್ಟಿಲಿಳಿಯುತ್ತ ಕೇಳುತ್ತೇನೆ, ಹೇಗನಿಸಿತು ಎಂದು. ಅಕ್ಕ ಎರಡು ಮೆಟ್ಟಿಲು ಮುಂದಿದ್ದವರು ನಿಲ್ಲುತ್ತಾರೆ. ಕಣ್ಣು ತುಂಬಿದೆ, ಮುಖದ ತುಂಬ ನಗು.

"ಆ ಐವತ್ತೆಂಟು ಸೆಕೆಂಡು ಹುಡುಕೋಕೆ ನನಗೆ ನಾಲ್ಕು ದಿನ ಹಿಡೀತು. ಈಗ ಆ ಮಗು ಕೇಳಿದ್ದಕ್ಕೆ ಎಷ್ಟು ದಿನ ಬೇಕೋ ಏನೋ," ಎನ್ನುತ್ತಾರೆ. "ಆಗಲಿ ಬಿಡಿ. ನಾನೆಲ್ಲಿಗೂ ಹೋಗ್ತಿಲ್ಲವಲ್ಲ."